ಒಂದೇ ಕತೆ, ಹಲವು ಕಿವಿ: ಕತೆ ಹೇಳುವ ಬಾಯಿ ಪಳಗುವ ಬಗೆ

ಮುಂಬಯಿಯ ಕನ್ನಡಿಗರಿಗೆ ಕತೆ ಹೇಳುವ ಅವಕಾಶಕ್ಕೆ ಬರವಿಲ್ಲ. ರಾಜ್ಯೋತ್ಸವದ ವೇದಿಕೆ, ಸಂಘದ ಮಕ್ಕಳ ಸ್ಪರ್ಧೆ, ಗಣೇಶೋತ್ಸವದ ಸಂಜೆ, ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಂಥ ಸಭಾಂಗಣದ ಕಾರ್ಯಕ್ರಮ, ಅದೇನೂ ಇಲ್ಲದಿದ್ದರೆ ಡೊಂಬಿವಲಿಯ ಯಾರದೋ ಮನೆಯಲ್ಲಿ ಊಟ ಮುಗಿಸಿ ಕೂತ ಹತ್ತು ಮಂದಿ. ಐದು ನಿಮಿಷ ಸಿಕ್ಕವರು ಸಾಮಾನ್ಯವಾಗಿ ತಯಾರಾಗುವ ರೀತಿ ಒಂದೇ. ಹೊಸ ಕತೆಯೊಂದನ್ನು ಹುಡುಕುತ್ತಾರೆ, ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ, ಬಾಯಿಪಾಠ ಮಾಡುತ್ತಾರೆ, ಹೇಳಿ ಮುಗಿಸುತ್ತಾರೆ, ಆಮೇಲೆ ಅದನ್ನು ಮರೆತೇಬಿಡುತ್ತಾರೆ. ಮುಂದಿನ ವರ್ಷ ಮತ್ತೊಂದು ಹೊಸ ಕತೆ. ಹೀಗೆ ಇಪ್ಪತ್ತು ಕತೆ ಹೇಳಿದವರೂ ಮೊದಲನೆಯದರಲ್ಲಿ ಎಡವಿದ ಜಾಗದಲ್ಲೇ ಇಪ್ಪತ್ತನೆಯದರಲ್ಲೂ ಎಡವುತ್ತಾರೆ.

ಬಾಯಿ ಪಳಗಬೇಕಾದರೆ ಒಂದು ಕತೆಯನ್ನು ಕೈಗೆತ್ತಿಕೊಂಡು, ಬೇರೆ ಬೇರೆ ಕೇಳುಗರಿಗೆ, ಪ್ರತಿ ಸಲ ಯಾವುದೋ ಒಂದೇ ಅಂಶದ ಮೇಲೆ ಗಮನವಿಟ್ಟು ಎರಡು ವಾರ ಹೇಳುತ್ತಲೇ ಇರಬೇಕು. ದಿನಕ್ಕೆ ಹದಿನೈದರಿಂದ ಇಪ್ಪತ್ತು ನಿಮಿಷ ಸಾಕು. ಆ ಎರಡು ವಾರದಲ್ಲಿ ಏನೇನು ಮಾಡಬೇಕು, ಯಾವುದು ಎಲ್ಲಿ ಕೈಕೊಡುತ್ತದೆ, ಏಕೆ ಕೈಕೊಡುತ್ತದೆ ಎಂಬುದೇ ಈ ಬರಹದ ವಿಷಯ.

ಬಾಯಿಪಾಠದ ತೊಂದರೆ

ಬರೆದು ಕಲಿತ ಕತೆಯಲ್ಲಿ ಒಂದು ವಾಕ್ಯದ ಬಾಲ ಹಿಡಿದು ಇನ್ನೊಂದು ಬರುತ್ತದೆ. ನಡುವೆ ಒಂದು ಪದ ತಪ್ಪಿದರೆ ಮುಂದಿನದಕ್ಕೆ ದಾರಿಯಿಲ್ಲ. ಎದುರಿಗೆ ಕೂತ ಮಗುವೊಂದು ಅತ್ತರೂ ಸಾಕು, ಸರಪಳಿ ಕಡಿಯುತ್ತದೆ. ಹೇಳುವವರ ಕಣ್ಣು ಕೇಳುಗರನ್ನು ಬಿಟ್ಟು ಮೇಲೆಲ್ಲೋ ನೆಟ್ಟಿರುತ್ತದೆ. ಅವರು ಮನಸ್ಸಿನೊಳಗಿನ ಹಾಳೆಯನ್ನು ಓದುತ್ತಿರುತ್ತಾರೆ. ಜೊತೆಗೆ ‘ಅವನು ನಡೆದುಕೊಂಡು ಹೋಗುತ್ತಿದ್ದನು’ ಎಂಬಂಥ ಬರಹದ ಕನ್ನಡ ಬಾಯಿಗೆ ಬಂದು ಕೂರುತ್ತದೆ. ಮನೆಯಲ್ಲಿ ಯಾರೂ ಹಾಗೆ ಮಾತಾಡದ ಕಾರಣ ಕೇಳುಗರು ಎರಡನೆಯ ವಾಕ್ಯಕ್ಕೇ ದೂರ ಸರಿಯುತ್ತಾರೆ.

ದೊಡ್ಡ ಕತೆಗಳನ್ನು ಬಾಯಲ್ಲೇ ಕಟ್ಟುವವರು ಹೇಗೆ ನೆನಪಿಡುತ್ತಾರೆ ಎಂಬುದಕ್ಕೆ ಒಳ್ಳೆಯ ಪುರಾವೆ ಸಿಕ್ಕಿದ್ದು 1930ರ ದಶಕದಲ್ಲಿ. ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಮತ್ತು ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ ಆಗಿನ ಯುಗೋಸ್ಲಾವಿಯಕ್ಕೆ ಹೋಗಿ ವೀರಗಾಥೆ ಹಾಡುವವರನ್ನು ಧ್ವನಿಮುದ್ರಿಸಿದರು. ಅವರಲ್ಲಿ ಅವ್ದೊ ಮೆಜೆದೊವಿಚ್ ಎಂಬ ಓದುಬರಹ ಬಾರದ ಕಸಾಯಿ 1935ರಲ್ಲಿ 12,000ಕ್ಕೂ ಹೆಚ್ಚು ಸಾಲುಗಳ ಕಾವ್ಯವೊಂದನ್ನು ಬಾಯಲ್ಲೇ ಹೇಳಿ ಬರೆಸಿದರು. ಇಂಥ ಹಾಡುಗಾರರು ಸಾಲುಗಳನ್ನು ಕಂಠಪಾಠ ಮಾಡಿರಲಿಲ್ಲ. ಘಟನೆಗಳ ಕ್ರಮ ಅವರಿಗೆ ಗೊತ್ತಿತ್ತು. ವೀರ ಕುದುರೆ ಏರುವುದು, ಸಭೆ ಸೇರುವುದು, ಪತ್ರ ಬರುವುದು ಇಂಥ ಮತ್ತೆ ಮತ್ತೆ ಬರುವ ಸನ್ನಿವೇಶಗಳಿಗೆ ಸಿದ್ಧ ನುಡಿಗಟ್ಟುಗಳಿದ್ದವು. ಉಳಿದದ್ದನ್ನು ಅಲ್ಲೇ ಕಟ್ಟುತ್ತಿದ್ದರು.

ನಮ್ಮವರಿಗೆ ಇದು ಹೊಸದೇನಲ್ಲ. ಮುಂಬಯಿಯ ಕರಾವಳಿ ಕನ್ನಡಿಗರು ತಾಳಮದ್ದಳೆ, ಅಂದರೆ ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನ, ಕೇಳಿಯೇ ಇರುತ್ತಾರೆ. ಅಲ್ಲಿ ಭಾಗವತರು ಹಾಡುವ ಪದ್ಯ ಪ್ರಸಂಗದಲ್ಲಿ ಇದ್ದದ್ದೇ, ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು ಮಾತ್ರ ಆ ಕ್ಷಣದ್ದು. ಕರ್ಣನ ಅರ್ಥ ಹೇಳುವವರು ಮಾತನ್ನು ಬರೆದು ಕಲಿತು ಬಂದಿರುವುದಿಲ್ಲ. ಕರ್ಣ ಯಾವ ಮನಸ್ಸಿನಲ್ಲಿದ್ದಾನೆ, ಪೀಠಿಕೆಯನ್ನು ಎಲ್ಲಿ ತಂದು ನಿಲ್ಲಿಸಬೇಕು, ಎದುರಿನ ಕೃಷ್ಣ ಯಾವ ಪ್ರಶ್ನೆ ಎತ್ತಬಹುದು ಎಂಬುದನ್ನು ಗಟ್ಟಿ ಮಾಡಿಕೊಂಡು ಬಂದಿರುತ್ತಾರೆ. ಐದು ನಿಮಿಷದ ಮನೆಕತೆಗೂ ಇದೇ ಕ್ರಮ ಸಲ್ಲುತ್ತದೆ: ಘಟ್ಟಗಳು ಗಟ್ಟಿ, ಮಾತು ಸಡಿಲ.

ಒಂದು ಕತೆಯನ್ನು ಬಿಚ್ಚಿ ನೋಡೋಣ

ಅಭ್ಯಾಸಕ್ಕೆಂದೇ ಕಟ್ಟಿದ ಒಂದು ಪುಟ್ಟ ಕತೆ ತೆಗೆದುಕೊಳ್ಳೋಣ. ಇದನ್ನು ಮೊದಲ ಸಲ ಹೇಳುವವರ ಬಾಯಲ್ಲಿ ಹೆಚ್ಚುಕಡಿಮೆ ಹೀಗೆ ಬರುತ್ತದೆ:

“ನಮ್ ದೊಡ್ಡಪ್ಪ ಒಬ್ರು ಇದ್ರು, ಕುಂದಾಪುರದವ್ರು, ಅಂದ್ರೆ ಕುಂದಾಪುರ ಅಲ್ಲ, ಅಲ್ಲಿಂದ ಒಳಗೆ, ಅವ್ರು ಒಂದ್ಸಲ ಮಗಳ ಮನೆಗೆ ಅಂತ ಮುಂಬೈಗೆ ಬಂದಿದ್ರು, ಎಂಟನೇ ಇಸವಿನೋ ಒಂಬತ್ತೋ, ಆಯ್ತಾ, ಆಮೇಲೆ ದಾದರ್‌ನಲ್ಲಿ ಇಳಿದು ಮಾಟುಂಗಾಕ್ಕೆ ಹೋಗ್ಬೇಕಿತ್ತು, ಫಾಸ್ಟ್ ಲೋಕಲ್ ಹತ್ಬಿಟ್ರು, ಅದು ಮಾಟುಂಗಾದಲ್ಲಿ ನಿಲ್ಲಲ್ವಲ್ಲ, ಸೀದಾ ಕುರ್ಲಾಕ್ಕೆ ಹೋದ್ರು. ತುಂಬಾ ತಮಾಷೆ ಆಯ್ತು.”

ನಡೆದದ್ದೆಲ್ಲ ಇದರಲ್ಲಿದೆ, ಆದರೂ ಯಾರೂ ನಗುವುದಿಲ್ಲ. ಏನು ಕಡಿಮೆಯಾಯಿತು ಎಂದು ಹೇಳಲು ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲ್ಯಾಬೊವ್ ಮತ್ತು ಜೋಶುವಾ ವಾಲೆಟ್ಸ್ಕಿ 1967ರಲ್ಲಿ ಮಾಡಿದ ವಿಂಗಡಣೆ ನೆರವಾಗುತ್ತದೆ. ಸಾಮಾನ್ಯ ಜನ ತಮಗೆ ಆದದ್ದನ್ನು ಹೇಳಿಕೊಳ್ಳುವ ಮಾತನ್ನು ಧ್ವನಿಮುದ್ರಿಸಿ ಅವರು ಅದರ ಅಂಗಗಳನ್ನು ಗುರುತಿಸಿದರು. ಮೊದಲು ಹಿನ್ನೆಲೆ: ಯಾರು, ಎಲ್ಲಿ, ಯಾವಾಗ. ಆಮೇಲೆ ತೊಡಕು. ಕೊನೆಯಲ್ಲಿ ಅದು ಬಗೆಹರಿದ ರೀತಿ, ಮತ್ತೆ ಕತೆಯ ಕಾಲದಿಂದ ಇಂದಿನ ಮಾತಿಗೆ ಮರಳುವ ಒಂದು ಎಳೆ. ‘ಏನಾಯ್ತು ಗೊತ್ತಾ’ ಎಂಬಂಥ ಆರಂಭದ ಸುಳಿವನ್ನು ಲ್ಯಾಬೊವ್ ಮುಂದೆ ಸೇರಿಸಿದರು. ಇವೆಲ್ಲದರ ನಡುವೆ ಅವರು ಎತ್ತಿ ಹಿಡಿದ ಅಂಗ ಇನ್ನೊಂದಿದೆ. ಅದನ್ನು ಇಲ್ಲಿ ‘ತೂಕ’ ಎನ್ನೋಣ. ‘ಹೌದು, ಅದಕ್ಕೇನೀಗ?’ ಎಂದು ಕೇಳುಗರು ಕೇಳದ ಹಾಗೆ ಮಾಡುವುದು ಈ ತೂಕವೇ. ಈ ಘಟನೆಯನ್ನು ಯಾಕೆ ಹೇಳಬೇಕಾಯಿತು ಎಂಬುದು ಅದರಿಂದ ತಿಳಿಯಬೇಕು.

ದೊಡ್ಡಪ್ಪನ ಕತೆಯಲ್ಲಿ ತೂಕವೇ ಇಲ್ಲ. ಹೊಸಬರು ಫಾಸ್ಟ್ ಲೋಕಲ್ ಹತ್ತುವುದು ಮುಂಬಯಿಯಲ್ಲಿ ದಿನಾ ನಡೆಯುತ್ತದೆ. ಈಗ ಒಂದು ಸಂಗತಿ ಸೇರಿಸಿ: ದೊಡ್ಡಪ್ಪ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ನಿದ್ದೆ ಹೋದವರನ್ನು ತಟ್ಟಿ ಎಬ್ಬಿಸಿ ಅವರವರ ಸ್ಟಾಪಿನಲ್ಲಿ ಇಳಿಸಿದವರು. ಯಾರಾದರೂ ಮುಂದೆ ಹೋಗಿಬಿಟ್ಟರೆ ‘ಬೋರ್ಡ್ ಓದ್ಲಿಕ್ಕೆ ಬರುದಿಲ್ವಾ ನಿಮ್ಗೆ?’ ಎಂದು ಗದರಿದವರು. ಅದೇ ಮನುಷ್ಯ ದಾದರಿನಲ್ಲಿ ಬೋರ್ಡ್ ಓದುತ್ತಾರೆ, ರೈಲು ಹೋಗುವ ಊರಿನ ಗುರುತನ್ನು ನೋಡುತ್ತಾರೆ, ಪಕ್ಕದಲ್ಲಿ ಫಾಸ್ಟ್ ಎಂದು ಸೂಚಿಸುವ ಎಫ್ ಅಕ್ಷರವನ್ನು ಬಿಡುತ್ತಾರೆ. ಘಟನೆ ಬದಲಾಗಲಿಲ್ಲ, ಆದರೆ ಕತೆ ಹುಟ್ಟಿತು. ಕುಂದಾಪುರದ ಒಳಗೋ ಹೊರಗೋ, ಯಾವ ಇಸವಿ ಎಂಬುದೆಲ್ಲ ಈಗ ತಾನಾಗಿ ಉದುರಿಹೋಗುತ್ತದೆ, ಏಕೆಂದರೆ ಯಾವ ವಿವರ ಬೇಕು, ಯಾವುದು ಬೇಡ ಎಂದು ತೀರ್ಮಾನಿಸುವುದು ತೂಕ. ಕಂಡಕ್ಟರಿಕೆ ಬೇಕು. ಹೆಗಲ ಮೇಲಿನ ಹಲಸಿನ ಹಣ್ಣೂ ಬೇಕು, ಅದು ಗರ್ದಿಯಲ್ಲಿ ಅವರನ್ನು ಬಾಗಿಲ ಕಡೆ ತಿರುಗಲು ಬಿಡುವುದಿಲ್ಲ. ಮಗಳ ಹೆಸರು ಬೇಡ.

ಚೀಟಿಯಲ್ಲಿ ಬರೆಯುವುದು ಎಷ್ಟು

ಅಂಗೈಯಗಲದ ಚೀಟಿಯೊಂದರಲ್ಲಿ ಐದರಿಂದ ಏಳು ಘಟ್ಟ ಬರೆಯಿರಿ, ಒಂದೊಂದಕ್ಕೆ ಮೂರು ಪದ ಮೀರದಂತೆ. ನಮ್ಮ ಕತೆಗೆ: ಮೂವತ್ತು ವರ್ಷ ಕಂಡಕ್ಟರ್. ಹಲಸು, ದಾದರ್ ಪ್ಲಾಟ್‌ಫಾರ್ಮ್. ಬೋರ್ಡ್, ಎಫ್. ಮಾಟುಂಗಾ ದಾಟಿತು. ಕುರ್ಲಾ. ವಾಪಸು ಸ್ಲೋ ಲೋಕಲ್. ‘ಸಾಯನ್! ಸಾಯನ್!’ ಕೊನೆಯದು ಕತೆಯ ಮುಕ್ತಾಯ. ಮರಳಿ ಬರುವಾಗ ದೊಡ್ಡಪ್ಪ ಬಾಗಿಲ ಬಳಿ ನಿಂತು, ಯಾರೂ ಕೇಳದಿದ್ದರೂ, ಹಳೆಯ ಗಂಟಲಲ್ಲಿ ಸ್ಟೇಷನ್ ಕೂಗುತ್ತಾರೆ.

ಪೂರ್ತಿ ವಾಕ್ಯವಾಗಿ ಗಟ್ಟಿ ಮಾಡಿಕೊಳ್ಳಬೇಕಾದದ್ದು ಎರಡೇ, ಮೊದಲನೆಯದು ಮತ್ತು ಕೊನೆಯದು. ಮೊದಲನೆಯದು ಗಟ್ಟಿಯಿದ್ದರೆ ಎದೆ ಹೊಡೆದುಕೊಳ್ಳುವ ಹೊತ್ತಿನಲ್ಲೂ ಬಾಯಿ ತೆರೆದುಕೊಳ್ಳುತ್ತದೆ. ಕೊನೆಯದು ಗಟ್ಟಿಯಿಲ್ಲದಿದ್ದರೆ ಕತೆ ಮುಗಿದ ಮೇಲೂ ‘ಹಾಗೆ… ಅಂದ್ರೆ… ಅಷ್ಟೇ’ ಎಂದು ಜೋತಾಡುತ್ತದೆ. ಸಂಘದ ವೇದಿಕೆಗಳಲ್ಲಿ ಚಪ್ಪಾಳೆ ತಡವಾಗಿ, ಅನುಮಾನಿಸುತ್ತಾ ಬರುವುದಕ್ಕೆ ಬಹುಪಾಲು ಇದೇ ಕಾರಣ. ಮುಗಿಯಿತೋ ಇಲ್ಲವೋ ಜನಕ್ಕೆ ಗೊತ್ತಾಗಿರುವುದಿಲ್ಲ.

ಎರಡು ವಾರ, ದಿನಾ ಇಷ್ಟಿಷ್ಟು

ಭಾನುವಾರ ಎರಡು ಗಂಟೆ ಕೂತು ಮುಗಿಸಿಬಿಡುತ್ತೇನೆ ಎನ್ನುವವರು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಗಮನಿಸಬೇಕು. ಅರ್ಥವಿಲ್ಲದ ಅಕ್ಷರಗುಚ್ಛಗಳ ಸಾಲುಗಳನ್ನು ಅವರು ತಾವೇ ಉರು ಹೊಡೆದು ಲೆಕ್ಕವಿಟ್ಟರು. ಹಿಂದಿನ ದಿನ ಒಂದೇ ಸಮನೆ 68 ಸಲ ಹೇಳಿಕೊಂಡದ್ದರಿಂದ ಸಿಕ್ಕ ಫಲವೇ, ಮೂರು ದಿನಕ್ಕೆ ಹಂಚಿ 38 ಸಲ ಹೇಳಿಕೊಂಡದ್ದರಿಂದಲೂ ಸಿಕ್ಕಿತು. ಕತೆ ಅಕ್ಷರಗುಚ್ಛವಲ್ಲ, ನಿಜ. ಆದರೆ ನಡುವೆ ಒಂದು ರಾತ್ರಿ ಬಿಟ್ಟು ಮತ್ತೆ ನೆನಪಿಸಿಕೊಳ್ಳುವ ಶ್ರಮದಲ್ಲೇ ಘಟ್ಟಗಳು ಬೇರುಬಿಡುತ್ತವೆ. ಹಾಗಾಗಿ ದಿನಕ್ಕೆ ಇಪ್ಪತ್ತು ನಿಮಿಷದ ಲೆಕ್ಕ.

ಮೊದಲ ದಿನ ಏನನ್ನೂ ಬರೆಯದೆ, ಫೋನಿನಲ್ಲಿ ರೆಕಾರ್ಡ್ ಮಾಡುತ್ತಾ ಕತೆಯನ್ನು ಹೇಗೆ ಬಂತೋ ಹಾಗೆ ಹೇಳಿಬಿಡಿ. ಇದನ್ನು ಅಳಿಸಬೇಡಿ, ಹದಿನಾಲ್ಕನೆಯ ದಿನ ಬೇಕಾಗುತ್ತದೆ. ಎರಡನೆಯ ದಿನ ಅದನ್ನು ಕೇಳಿ ತೂಕ ಎಲ್ಲಿದೆ ಎಂದು ಹುಡುಕಿ ಚೀಟಿ ಮಾಡಿ. ಮೂರು, ನಾಲ್ಕನೆಯ ದಿನ ಚೀಟಿ ನೋಡದೆ ಒಬ್ಬೊಬ್ಬರಿಗೆ ಹೇಳಿ. ಗೋಡೆಗೆ ಹೇಳಿದರೆ ಪ್ರಯೋಜನ ಕಡಿಮೆ. ಗೋಡೆ ಮುಖ ಸಿಂಡರಿಸುವುದಿಲ್ಲ, ನಿಮ್ಮ ಕತೆ ಎಲ್ಲಿ ಕುಂಟಿತು ಎಂದು ಅದರಿಂದ ತಿಳಿಯುವಂತಿಲ್ಲ.

ಐದನೆಯ ದಿನದಿಂದ ಎರಡು ಮೂರು ದಿನ 4-3-2 ಅಭ್ಯಾಸ. ಎರಡನೆಯ ಭಾಷೆ ಕಲಿಸುವವರು ಬಳಸುವ ಈ ಕ್ರಮವನ್ನು ನ್ಯೂಜಿಲೆಂಡಿನ ಭಾಷಾ ಶಿಕ್ಷಣತಜ್ಞ ಪಾಲ್ ನೇಷನ್ 1989ರಲ್ಲಿ ಪರೀಕ್ಷಿಸಿ ಬರೆದರು. ಒಂದೇ ವಿಷಯವನ್ನು ಒಬ್ಬರಿಗೆ ನಾಲ್ಕು ನಿಮಿಷದಲ್ಲಿ, ಇನ್ನೊಬ್ಬರಿಗೆ ಮೂರು ನಿಮಿಷದಲ್ಲಿ, ಮತ್ತೊಬ್ಬರಿಗೆ ಎರಡು ನಿಮಿಷದಲ್ಲಿ ಹೇಳಬೇಕು. ಕೇಳುಗರು ಬದಲಾಗುವುದು ಮುಖ್ಯ. ಅದೇ ವ್ಯಕ್ತಿಗೆ ಮತ್ತೆ ಹೇಳಿದರೆ ‘ನಿಮಗೆ ಗೊತ್ತಲ್ಲ’ ಎಂದು ಹಾರಿಸುವ ಚಟ ಬರುತ್ತದೆ. ಮನೆಯಲ್ಲಿ ಮೂವರು ಸಿಗದಿದ್ದರೆ ಒಬ್ಬರಿಗೆ ಎದುರಿಗೆ, ಒಬ್ಬರಿಗೆ ಊರಿಗೆ ಫೋನ್ ಮಾಡಿ, ಇನ್ನೊಬ್ಬರಿಗೆ ವಾಟ್ಸಾಪ್ ಧ್ವನಿಸಂದೇಶವಾಗಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಎರಡು ನಿಮಿಷಕ್ಕೆ ಇಳಿಸುವಾಗ ಕತೆಯನ್ನು ಕತ್ತರಿಸುವ ಬದಲು ನಾಲಿಗೆಯ ವೇಗ ಹೆಚ್ಚಿಸುತ್ತಾರೆ. ಗುರುತಿಸುವುದು ಸುಲಭ: ನಾಲ್ಕು ನಿಮಿಷದ್ದನ್ನೂ ಎರಡು ನಿಮಿಷದ್ದನ್ನೂ ರೆಕಾರ್ಡ್ ಮಾಡಿ, ಎರಡರಲ್ಲೂ ಮೊದಲ ಅರ್ಧ ನಿಮಿಷದ ಪದಗಳನ್ನು ಎಣಿಸಿ. ಎರಡನೆಯದರಲ್ಲಿ ಎಣಿಕೆ ಬಹಳ ಏರಿದ್ದರೆ ಓಡಿದ್ದೀರಿ ಎಂದರ್ಥ. ಓಡದೆ ಎರಡು ನಿಮಿಷಕ್ಕೆ ತರಬೇಕಾದರೆ ಹಿನ್ನೆಲೆ ಕುಗ್ಗಲೇಬೇಕು, ಒಂದು ಘಟ್ಟ ಇನ್ನೊಂದರೊಳಗೆ ಸೇರಲೇಬೇಕು. ಹಾಗೆ ಕುಗ್ಗಿಸಿದ ಮೇಲೆ ಮತ್ತೆ ನಾಲ್ಕು ನಿಮಿಷಕ್ಕೆ ಹಿಗ್ಗಿಸಿ ಹೇಳಿ. ಈಗ ಆ ಹೆಚ್ಚುವರಿ ಎರಡು ನಿಮಿಷ ಕುಂದಾಪುರದ ಭೂಗೋಳಕ್ಕೆ ಹೋಗುವುದಿಲ್ಲ. ರೈಲಿನ ಬಾಗಿಲಿಗೆ, ಹಲಸಿಗೆ, ದೊಡ್ಡಪ್ಪನ ಮುಖಕ್ಕೆ ಹೋಗುತ್ತದೆ. ಎರಡು ವಾರದಲ್ಲಿ ಅತಿ ಹೆಚ್ಚು ಬದಲಾವಣೆ ಕಾಣುವುದು ಈ ಮೂರು ದಿನಗಳಲ್ಲೇ.

ಎಂಟನೆಯ ದಿನದ ಪರೀಕ್ಷೆ ಇನ್ನೊಂದು ಬಗೆಯದು. ಇಲ್ಲಿಯವರೆಗೆ ಕತೆ ಕೇಳಿದವರಲ್ಲಿ ಒಬ್ಬರನ್ನು, ಒಂದೆರಡು ದಿನ ಕಳೆದ ಮೇಲೆ, ಆ ಕತೆಯನ್ನು ತಿರುಗಿ ಹೇಳಲು ಕೇಳಿ. ನೀವು ಬಾಯಿ ಹಾಕಬೇಡಿ. ಇಂಗ್ಲೆಂಡಿನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರ ಅಮೆರಿಕದ ಮೂಲನಿವಾಸಿಗಳ ಕತೆಯೊಂದನ್ನು ಇಂಗ್ಲಿಷರು ಮರುಹೇಳಿದಾಗ ಅದು ಗಿಡ್ಡವಾಯಿತು, ಪರಿಚಯವಿಲ್ಲದ ವಸ್ತುಗಳು ಪರಿಚಿತವಾದವುಗಳಾಗಿ ಬದಲಾದವು. ಸೀಲ್ ಬೇಟೆ ಮೀನು ಹಿಡಿಯುವುದಾಯಿತು. ಮುಂಬಯಿಯಲ್ಲಿ ಹುಟ್ಟಿದ ಮಕ್ಕಳಿಗೆ ಊರಿನ ಕತೆ ಹೇಳಿದರೆ ಇದೇ ನಡೆಯುತ್ತದೆ. ಅಟ್ಟದಲ್ಲಿ ಕಳ್ಳ ಅಡಗಿದ ಕತೆ ಎಂದಿಟ್ಟುಕೊಳ್ಳಿ. ಅಡಿಕೆ ಮೂಟೆ ಪೇರಿಸಿಟ್ಟ ಅಟ್ಟ ಮರುಹೇಳಿಕೆಯಲ್ಲಿ ಅಡುಗೆಮನೆ ಮೇಲೆ ಸಾಮಾನು ತುರುಕುವ ಪುಟ್ಟ ‘ಮಾಳಾ’ ಆಗುತ್ತದೆ, ಆಗ ಕಳ್ಳ ಅಲ್ಲಿ ಇಡೀ ರಾತ್ರಿ ಅಡಗಿದ್ದು ಹೇಗೆ ಎಂಬುದೇ ಅವರಿಗೆ ಬಗೆಹರಿಯುವುದಿಲ್ಲ. ತಪ್ಪು ಮಗುವಿನದ್ದಲ್ಲ. ‘ಅಟ್ಟ’ ಎಂದು ಹೆಸರು ಹೇಳಿ ಮುಂದೆ ಹೋಗಿದ್ದೀರಿ. ಏಣಿ ಹತ್ತಿ, ತಲೆ ಬಗ್ಗಿಸಿ, ಕತ್ತಲಲ್ಲಿ ಅಡಿಕೆ ಮೂಟೆಗಳ ನಡುವೆ ತೆವಳುವುದನ್ನು ತೋರಿಸಿರಲಿಲ್ಲ.

ಮರುಹೇಳಿಕೆಯಲ್ಲಿ ಉದುರಿಹೋದದ್ದನ್ನು ಎರಡು ಗುಂಪು ಮಾಡಿ. ಉದುರಿದರೂ ಕತೆ ನಿಂತಿದೆಯೇ? ಹಾಗಾದರೆ ಅದನ್ನು ನೀವೂ ಬಿಡಿ. ಉದುರಿದ್ದರಿಂದ ಕತೆ ಬಿದ್ದಿತೇ? ಆ ಘಟ್ಟವನ್ನು ಇನ್ನಷ್ಟು ನಿಧಾನವಾಗಿ, ಕಣ್ಣಿಗೆ ಕಾಣುವಂತೆ ಹೇಳಬೇಕು. ದೊಡ್ಡಪ್ಪನ ಕತೆಯ ಮರುಹೇಳಿಕೆಯಲ್ಲಿ ‘ಕಂಡಕ್ಟರ್’ ಬಾರದಿದ್ದರೆ ಮೊದಲ ಘಟ್ಟವೇ ಕೈಜಾರಿದೆ.

ಕನ್ನಡದ ವಾಕ್ಯ ಬಾಯಲ್ಲಿ ಹೇಗೆ ನಡೆಯುತ್ತದೆ

ಕತೆ ಹೇಳುವುದನ್ನು ಕಲಿಸುವ ಬರಹ, ವಿಡಿಯೊಗಳು ಹೆಚ್ಚಿನವು ಇಂಗ್ಲಿಷ್ ವಾಕ್ಯವನ್ನು ಮನಸ್ಸಲ್ಲಿಟ್ಟು ಮಾಡಿದವು. ಕನ್ನಡದ ವಾಕ್ಯಕ್ಕೆ ಅದರದ್ದೇ ಸೌಲಭ್ಯವಿದೆ, ಅದರದ್ದೇ ಅಪಾಯವೂ ಇದೆ, ಇದಕ್ಕೆ ಬೇರೆಯೇ ಅಭ್ಯಾಸ ಬೇಕು. ಒಂಬತ್ತರಿಂದ ಹನ್ನೆರಡನೆಯ ದಿನಗಳನ್ನು ಇದಕ್ಕೆ ಮೀಸಲಿಡಿ.

‘ಹಲಸಿನಹಣ್ಣು ಹೆಗಲಿಗೇರಿಸಿ, ಮೆಟ್ಟಿಲಿಳಿದು, ಗರ್ದಿಯಲ್ಲಿ ತೂರಿಕೊಂಡು, ಕಂಬಿ ಹಿಡಿದು ಒಳಗೆ ಹಾರಿದ್ರು.’ ಇಲ್ಲಿ ‘ಏರಿಸಿ, ಇಳಿದು, ತೂರಿಕೊಂಡು, ಹಿಡಿದು’ ಎಲ್ಲವೂ ಅರೆಬರೆ ಕ್ರಿಯೆಗಳು. ಮುಗಿದದ್ದು ‘ಹಾರಿದ್ರು’ ಬಂದಾಗ. ಅಲ್ಲಿಯವರೆಗೆ ಕೇಳುಗರು ಉಸಿರು ಬಿಡುವಂತಿಲ್ಲ. ಗರ್ದಿ, ಓಟ, ಗಡಿಬಿಡಿ ಹೇಳಲು ಇದಕ್ಕಿಂತ ಒಳ್ಳೆಯ ಸಾಧನ ಬೇಕಿಲ್ಲ. ಅದನ್ನೇ ‘ಏರಿಸಿದ್ರು. ಇಳಿದ್ರು. ತೂರಿದ್ರು. ಹಿಡಿದ್ರು. ಹಾರಿದ್ರು’ ಎಂದರೆ ಮೂರನೇ ತರಗತಿಯ ಪಾಠ ಓದಿದ ಹಾಗಾಗುತ್ತದೆ. ಬಿಡಿ ಕ್ರಿಯೆಗಳನ್ನು ಪೆಟ್ಟು ಬೀಳಬೇಕಾದ ಜಾಗಕ್ಕೆ ಉಳಿಸಿಕೊಳ್ಳಿ: ‘ಮಾಟುಂಗಾ ಬಂತು.’ ಒಂದು ತಡೆ. ‘ಹೋಯ್ತು.’ ನಗು ಬರುವುದು ಇಲ್ಲೇ.

ಸರಪಳಿ ನಾಲ್ಕು ಕೊಂಡಿ ಮೀರದಿರಲಿ, ಅದಕ್ಕಿಂತ ಉದ್ದವಾದರೆ ಮಾಡಿದ್ದು ಯಾರು ಎಂಬುದೇ ಕೇಳುಗರಿಗೆ ಮರೆತುಹೋಗುತ್ತದೆ. ಸರಪಳಿಯ ನಡುವೆ ಕರ್ತೃವನ್ನು ಬದಲಾಯಿಸಲೂ ಬಾರದು. ‘ರೈಲು ಬಂದು, ದೊಡ್ಡಪ್ಪ ಹತ್ತಿ, ಬಾಗಿಲಲ್ಲಿದ್ದ ಹುಡುಗ ನೋಡಿ ನಕ್ಕ’ ಎಂಬಲ್ಲಿ ಮೂರು ಜನರ ಕೆಲಸ ಒಂದೇ ದಾರಕ್ಕೆ ಸಿಕ್ಕಿ ಗೋಜಲಾಗಿದೆ.

ಮಾತುಕತೆಯಲ್ಲಿ ಇನ್ನೊಂದು ತೊಡಕು. ಬರಹದಲ್ಲಿ ‘ಎಂದ’, ‘ಅಂತ ಹೇಳಿದಳು’ ಕೊನೆಗೆ ಬರುತ್ತದೆ, ಹಾಗಾಗಿ ಮಾತು ಮುಗಿಯುವವರೆಗೆ ಅದು ಯಾರದ್ದೆಂದು ಗೊತ್ತಾಗುವುದಿಲ್ಲ. ಓದುಗರಿಗೆ ಕಣ್ಣು ಹಾಯಿಸಿ ನೋಡುವ ಅನುಕೂಲವಿದೆ, ಕೇಳುಗರಿಗಿಲ್ಲ. ಮಾತಾಡುವವರನ್ನು ಮೊದಲೇ ನಿಲ್ಲಿಸಿ. ‘ಬಾಗಿಲಲ್ಲೊಬ್ಬ ಹುಡುಗ ನಿಂತಿದ್ದ. ಕಾಕಾ, ಮಾಟುಂಗಾ ತೊ ಗಯಾ.’ ಅಷ್ಟೇ, ‘ಅಂದ’ ಬೇಕಿಲ್ಲ. ಮುಖ ಸ್ವಲ್ಪ ಎಡಕ್ಕೆ ತಿರುಗಿಸಿ ಹುಡುಗನ ಮಾತು, ಬಲಕ್ಕೆ ತಿರುಗಿಸಿ ದೊಡ್ಡಪ್ಪನದು: ‘ಹೋಯ್ತಾ? ಎಲ್ಲಿಗೆ ಹೋಯ್ತು?’ ಹುಡುಗನ ಹಿಂದಿಯನ್ನು ಕನ್ನಡಕ್ಕೆ ತಿರುಗಿಸುವ ಅಗತ್ಯವೂ ಇಲ್ಲ, ದೊಡ್ಡಪ್ಪನ ಉತ್ತರವೇ ಅದರ ಅರ್ಥ ಹೇಳಿತು. ಮರಾಠಿ, ಹಿಂದಿ, ತುಳು, ಕೊಂಕಣಿ ಎಲ್ಲ ಕಲೆತ ಈ ಊರಿನಲ್ಲಿ ಪಾತ್ರಗಳು ತಮ್ಮ ತಮ್ಮ ನುಡಿಯಲ್ಲೇ ಮಾತಾಡಲಿ. ಎಲ್ಲರ ಬಾಯಲ್ಲೂ ಒಂದೇ ಪುಸ್ತಕದ ಕನ್ನಡ ಹಾಕಿದರೆ ಮುಂಬಯಿ ಮಾಯವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ವಾಕ್ಯದ ಕೊನೆಗೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾರು ಮಾಡಿದರು, ಆಯಿತೋ ಇಲ್ಲವೋ ಎಂಬುದೆಲ್ಲ ಆ ಕೊನೆಯ ಪದದಲ್ಲಿದೆ: ಬಂದ, ಬಂದ್ಲು, ಬಂತು, ಬರ್ಲಿಲ್ಲ. ಉಸಿರು ತೀರುವುದೂ, ದನಿ ಇಳಿಯುವುದೂ ಅದೇ ಜಾಗದಲ್ಲಿ. ತಲೆಯ ಮೇಲೆ ಫ್ಯಾನು, ಅಡುಗೆಮನೆಯಲ್ಲಿ ಕುಕ್ಕರು, ಹೊರಗೆ ರಸ್ತೆ ಇರುವ ಕೋಣೆಯಲ್ಲಿ ಹಿಂದಿನ ಸಾಲಿನವರಿಗೆ ಕೇಳಿಸದೆ ಹೋಗುವುದು ಸರಿಯಾಗಿ ಅದೇ ಪದ. ದನಿ ಎತ್ತರಿಸಿದರೆ ಇದು ಸರಿಹೋಗದು. ಎತ್ತರಿಸಿದ ದನಿಯೂ ಕೊನೆಗೆ ಕುಸಿಯುತ್ತದೆ. ಕೊನೆಯ ಎರಡು ಪದಗಳ ಮುಂಚೆ ಒಂದು ಚಿಕ್ಕ ಉಸಿರು ತೆಗೆದುಕೊಳ್ಳುವ ರೂಢಿ ಮಾಡಿಕೊಳ್ಳಬೇಕು. ಫೋನನ್ನು ಎಂಟು ಹತ್ತು ಅಡಿ ದೂರ ಇಟ್ಟು, ಫ್ಯಾನು ಹಾಕಿ, ಕತೆ ಹೇಳಿ ರೆಕಾರ್ಡ್ ಮಾಡಿ. ಕೇಳುವಾಗ ಬೇರೆ ಯಾವುದಕ್ಕೂ ಕಿವಿಗೊಡದೆ ಪ್ರತಿ ವಾಕ್ಯದ ಕೊನೆಯ ಪದವನ್ನಷ್ಟೇ ಬರೆದುಕೊಳ್ಳಿ. ಬರೆಯಲಾಗದ ಪದಗಳು ಎಷ್ಟು ಎಂಬುದೇ ಆ ದಿನದ ಅಂಕ.

‘ಆಮೇಲೆ’, ‘ಅಂದ್ರೆ’, ‘ಏನಂದ್ರೆ’, ‘ಆಯ್ತಾ’ ಇಂಥ ತುಂಬುಪದಗಳನ್ನು ಬಿಡಬೇಕೆಂದು ಹಟ ಹಿಡಿದು ಪ್ರಯೋಜನವಿಲ್ಲ. ಹಾಗೆ ಹಟ ಹಿಡಿದರೆ ಗಮನವೆಲ್ಲ ಅದರ ಮೇಲೇ ಹೋಗಿ ಕತೆ ಒಣಗುತ್ತದೆ. ಮುಂದೇನು ಹೇಳಬೇಕೆಂದು ಮನಸ್ಸು ಹುಡುಕುವಾಗ ಬಾಯಿ ಅವನ್ನು ಹಾಕುತ್ತದೆ. ಅವು ಗುಂಪಾಗಿ ಬರುವ ಜಾಗ ಗುರುತಿಸಿ. ಅದು ಎರಡು ಘಟ್ಟಗಳ ನಡುವಿನ ಬೆಸುಗೆಯಾಗಿರುತ್ತದೆ. ಆ ಬೆಸುಗೆಗೆ ಒಂದು ದಾಟುವ ವಾಕ್ಯ ಮಾಡಿಕೊಂಡರೆ (‘ಅಷ್ಟರಲ್ಲಿ ಅನೌನ್ಸ್‌ಮೆಂಟ್ ಆಯ್ತು’) ತುಂಬುಪದ ತಾನಾಗಿ ಕಡಿಮೆಯಾಗುತ್ತದೆ.

ಯಾರಿಗೆ ಹೇಳಬೇಕು, ಎಲ್ಲಿ ಹೇಳಬೇಕು

ಹಳ್ಳಿಯ ಕತೆಗಾರರಿಗೆ ಹೂಂಗುಡುವವರು ಬೇಕೇ ಬೇಕು. ಹೂಂ ನಿಂತರೆ ಕತೆ ನಿಲ್ಲುತ್ತಿತ್ತು. ಇದು ಕತೆಯ ನಾಡಿ ಹಿಡಿಯುವ ಉಪಾಯವೂ ಹೌದು. ಹೂಂ ತಡವಾದ ಜಾಗದಲ್ಲಿ ಕತೆ ಅರ್ಥವಾಗಿಲ್ಲ, ಹೂಂ ಯಾಂತ್ರಿಕವಾದ ಜಾಗದಲ್ಲಿ ಬೇಸರ ಬಂದಿದೆ, ‘ಹೂಂ, ಮತ್ತೆ?’ ಎಂದದ್ದೇ ನಿಮ್ಮ ತಿರುವು. ಅಭ್ಯಾಸದ ದಿನಗಳಲ್ಲಿ ಒಬ್ಬರನ್ನಾದರೂ ಹೂಂಗುಡಲು ಕೂರಿಸಿಕೊಳ್ಳಿ.

ಎರಡು ವಾರದೊಳಗೆ ಕನಿಷ್ಠ ಮೂರು ಬಗೆಯ ಕಿವಿಗೆ ಕತೆ ಬೀಳಬೇಕು. ಒಬ್ಬರು ಊರು ಬಲ್ಲ ಹಿರಿಯರು; ವಿವರ ತಪ್ಪಿದರೆ ಅವರು ಬಿಡುವುದಿಲ್ಲ. ಒಂದು ಹತ್ತು ವರ್ಷದೊಳಗಿನ ಮಗು. ಬೇಸರವಾದರೆ ಎದ್ದು ಹೋಗುತ್ತದೆ, ಅಷ್ಟು ಪ್ರಾಮಾಣಿಕ ವಿಮರ್ಶಕರು ಬೇರೆ ಇಲ್ಲ. ಇನ್ನೊಬ್ಬರು ಕನ್ನಡ ಅರ್ಥವಾದರೂ ಉತ್ತರವನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಕೊಡುವವರು. ಮುಂಬಯಿಯ ಕನ್ನಡ ಮನೆಗಳಲ್ಲಿ ಇಂಥ ಎರಡನೆಯ, ಮೂರನೆಯ ತಲೆಮಾರಿನವರು ತುಂಬ ಮಂದಿ. ಅವರನ್ನು ‘ಕನ್ನಡದಲ್ಲೇ ಹೇಳು’ ಎಂದು ಒತ್ತಾಯಿಸದೆ, ಕತೆಯಲ್ಲಿ ಮರುಕಳಿಸುವ ಒಂದೇ ಸಾಲನ್ನು ಅವರಿಗೆ ಬಿಟ್ಟುಕೊಡಿ. ‘ಬೋರ್ಡ್ ಓದ್ಲಿಕ್ಕೆ ಬರುದಿಲ್ವಾ ನಿಮ್ಗೆ?’ ಎಂಬುದು ಮೂರು ಕಡೆ ಬರುವಂತೆ ಕತೆ ಕಟ್ಟಿದರೆ, ಮೂರನೆಯ ಸಲ ಅವರೇ ಅದನ್ನು ಹೇಳುತ್ತಾರೆ.

ಠಾಣೆಯಿಂದ ದಕ್ಷಿಣ ಮುಂಬಯಿಯ ಕೊನೆಯ ನಿಲ್ದಾಣ ಸಿಎಸ್‌ಎಂಟಿಗೆ ಸ್ಲೋ ಲೋಕಲ್ಲಿನಲ್ಲಿ ಹತ್ತಿರ ಹತ್ತಿರ ಒಂದು ಗಂಟೆ. ಆ ಹೊತ್ತು ಬಾಯಿ ತೆರೆಯದೆ ಮಾಡುವ ಅಭ್ಯಾಸಕ್ಕೆ ಒಳ್ಳೆಯದು. ಒಂದೊಂದು ಸ್ಟೇಷನ್ನಿಗೆ ಒಂದೊಂದು ಘಟ್ಟವನ್ನು ಕಣ್ಣಮುಂದೆ ತಂದುಕೊಳ್ಳಿ, ಮಾತಾಗಿ ಬೇಡ, ದೃಶ್ಯವಾಗಿ: ಬೆಳಕು ಎಲ್ಲಿಂದ ಬೀಳುತ್ತಿದೆ, ದೊಡ್ಡಪ್ಪನ ಯಾವ ಹೆಗಲ ಮೇಲೆ ಹಣ್ಣಿದೆ, ಅದರ ಮುಳ್ಳು ಯಾರಿಗೆ ಚುಚ್ಚುತ್ತಿದೆ. ಹೇಳುವಾಗ ಇದರಲ್ಲಿ ಹತ್ತನೇ ಒಂದು ಪಾಲು ಹೊರಬಂದರೆ ಹೆಚ್ಚು. ಆದರೆ ನೀವು ಕಾಣದ್ದನ್ನು ಕೇಳುಗರೂ ಕಾಣುವುದಿಲ್ಲ.

ಕೇಳುವುದೂ ಅಭ್ಯಾಸದ ಭಾಗ. ತಾಳಮದ್ದಳೆ, ಹರಿಕತೆ, ಗಮಕ ಇವುಗಳ ಜೊತೆಗೆ ಮರಾಠಿಯ ನಾರದೀಯ ಕೀರ್ತನವನ್ನೂ ಈ ಊರಿನ ಕನ್ನಡಿಗರು ಕೇಳಬೇಕು. ಅದರ ಪೂರ್ವರಂಗದಲ್ಲಿ ಒಂದು ಅಭಂಗವನ್ನೋ ಪದವನ್ನೋ ಹಿಡಿದು ವಿಚಾರದ ನಿರೂಪಣೆ, ಉತ್ತರರಂಗದಲ್ಲಿ ಆ ವಿಚಾರಕ್ಕೆ ಒಂದು ಕತೆ. ಕತೆ ಬಂದೊಡನೆ ಕೀರ್ತನಕಾರರ ವಾಕ್ಯ ಚಿಕ್ಕದಾಗುವುದನ್ನು, ಕೈ ಚಲನೆ ಬದಲಾಗುವುದನ್ನು ಗಮನಿಸಿ. ಒಂದು ಸಲಕ್ಕೆ ಒಂದನ್ನೇ ಗಮನಿಸುವುದು ಒಳ್ಳೆಯದು; ಎಲ್ಲವನ್ನೂ ನೋಡಲು ಹೋದರೆ ಬರೀ ಮೆಚ್ಚಿ ಮನೆಗೆ ಬರುತ್ತೇವೆ.

ನಡುವೆ ಎದುರಾಗುವ ತೊಡಕುಗಳು

ಆರೇಳನೆಯ ದಿನಕ್ಕೆ ಕತೆ ಹಳಸಿದಂತೆ ಅನಿಸುತ್ತದೆ. ಬಹಳ ಮಂದಿ ಇಲ್ಲೇ ಬಿಟ್ಟು ಹೊಸ ಕತೆಗೆ ಹಾರುತ್ತಾರೆ. ಹಳಸಿದ್ದು ನಿಮಗೆ ಮಾತ್ರ, ಕೇಳುಗರಿಗೆ ಅದು ಹೊಸದು. ಮನಸ್ಸು ಮುಂದಿನ ಘಟನೆ ಹುಡುಕುವ ಕೆಲಸದಿಂದ ಬಿಡುವಾದದ್ದರಿಂದಲೇ ಬೇಸರ ಬಂದಿದೆ, ಆ ಬಿಡುವನ್ನು ದನಿಗೆ, ತಡೆಗೆ, ಕೇಳುಗರ ಮುಖ ನೋಡುವುದಕ್ಕೆ ಬಳಸಬೇಕು. ನಿಜವಾದ ಅಭ್ಯಾಸ ಶುರುವಾಗುವುದೇ ಆಗ.

ಇದರ ಎದುರು ತುದಿಯ ರೋಗ ಅಲಂಕಾರ. ಒಂದು ಕಡೆ ನಗು ಬಂದಿತೆಂದು ಅಲ್ಲಿ ಇನ್ನೂ ಎರಡು ಮಾತು ಸೇರಿಸುತ್ತಾರೆ, ಧಡಧಡ, ಸರ್ರನೆ, ಗಕ್ಕನೆ ಎಂದು ಅನುಕರಣ ಪದಗಳನ್ನು ಸುರಿಯುತ್ತಾರೆ. ಒಂದು ಘಟ್ಟಕ್ಕೆ ಒಂದು ಅನುಕರಣ ಪದ ಸಾಕು. ನಗು ಬಂದ ಜಾಗವನ್ನು ಮುಟ್ಟದೆ, ಅದರ ಹಿಂದಿನ ವಾಕ್ಯವನ್ನು ಚಿಕ್ಕದು ಮಾಡಿದರೆ ನಗು ತಾನೇ ಹೆಚ್ಚುತ್ತದೆ.

‘ಇದು ಬಹಳ ತಮಾಷೆಯ ಕತೆ’ ಎಂದು ಶುರು ಮಾಡುವುದು, ತಾನೇ ಮೊದಲು ನಗುವುದು, ಕೊನೆಗೆ ‘ಇದರಿಂದ ತಿಳಿಯುವ ನೀತಿ ಏನೆಂದರೆ’ ಎಂದು ಸೇರಿಸುವುದು, ಈ ಮೂರಕ್ಕೂ ಮೂಲ ಒಂದೇ: ಕತೆಯ ತೂಕದ ಮೇಲೆ ಹೇಳುವವರಿಗೆ ನಂಬಿಕೆಯಿಲ್ಲ. ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಹಿರಿಯರು ನೀತಿಯನ್ನು ಕಡ್ಡಾಯ ಮಾಡುವುದನ್ನು ದಯವಿಟ್ಟು ಬಿಡಬೇಕು. ದೊಡ್ಡಪ್ಪ ‘ಸಾಯನ್! ಸಾಯನ್!’ ಎಂದು ಕೂಗಿದ ಮೇಲೆ ಹೇಳುವುದೇನೂ ಉಳಿದಿರುವುದಿಲ್ಲ.

ಹದಿಮೂರನೆಯ ದಿನ ಐದಾರು ಜನರ ಎದುರು ನಿಂತು ಹೇಳಿ, ಅದನ್ನೂ ರೆಕಾರ್ಡ್ ಮಾಡಿ. ಹದಿನಾಲ್ಕನೆಯ ದಿನ ಮೊದಲ ದಿನದ ರೆಕಾರ್ಡಿಂಗನ್ನೂ ಇದನ್ನೂ ಒಂದರ ಹಿಂದೆ ಒಂದು ಕೇಳಿ, ಮೂರು ವಿಷಯ ಮಾತ್ರ ಬರೆದಿಡಿ: ಮೊದಲ ತೊಡಕು ಎಷ್ಟನೆಯ ಸೆಕೆಂಡಿಗೆ ಬಂತು, ಕೊನೆಯ ಪದಗಳಲ್ಲಿ ಎಷ್ಟು ನುಂಗಿಹೋದವು, ತುಂಬುಪದಗಳು ಯಾವ ಬೆಸುಗೆಯಲ್ಲಿ ಉಳಿದಿವೆ. ಚೀಟಿಯನ್ನು ಡಬ್ಬಿಗೆ ಹಾಕಿ ಒಂದು ತಿಂಗಳು ಆ ಕತೆಯನ್ನು ಮುಟ್ಟಬೇಡಿ. ತಿಂಗಳ ನಂತರ ಚೀಟಿ ನೋಡದೆ ಒಮ್ಮೆ ಹೇಳಿನೋಡಿ; ಬಿಟ್ಟುಹೋದ ಘಟ್ಟವಿದ್ದರೆ ಅದನ್ನು ಮತ್ತೆ ಮೂರು ದಿನ ತಿದ್ದಿ. ಆ ನಡುವಿನ ತಿಂಗಳಲ್ಲಿ ಎತ್ತಿಕೊಳ್ಳುವ ಎರಡನೆಯ ಕತೆ ಮೊದಲನೆಯದಕ್ಕಿಂತ ಬೇರೆ ಜಾತಿಯದಾಗಿರಲಿ. ನಗೆಯ ಕತೆಯಿಂದ ಶುರು ಮಾಡಿದ್ದರೆ ನಗುವೇ ಇಲ್ಲದ್ದು, ಒಬ್ಬರ ಕತೆಯಿಂದ ಶುರು ಮಾಡಿದ್ದರೆ ಮೂವರು ಮಾತಾಡುವಂಥದ್ದು.